ಹಿಂದೆ ನಿಂತವನ ಕೂಗು

ಮಂಡ್ಯದ ಕಡೆ ಹೆದ್ದಾರಿ ಪಕ್ಕದ ಒಂದು ಊರಿನಲ್ಲಿ ಜವರಪ್ಪ ಎಂಬುವನಿದ್ದ. ಆ ಊರಿನ ಬಾಸ್ಕೆಟ್‌ಬಾಲ್ ಅಂಗಳದ ಪಕ್ಕ ಐದು ಕಲ್ಲು ಮೆಟ್ಟಿಲುಗಳಿದ್ದವು. ಐದನೆಯ ಮೆಟ್ಟಿಲಿನ ಎಡತುದಿಯಲ್ಲಿ ಅವನು ದಿನಾ ಸಂಜೆ ಬಂದು ಕೂರುತ್ತಿದ್ದ. ಹೀಗೆ ಹನ್ನೊಂದು ವರ್ಷ ಕೂತ. ಅಷ್ಟು ವರ್ಷದಲ್ಲಿ ಅಲ್ಲಿ ಯಾರೊಂದಿಗೂ ನೆಟ್ಟಗೆ ಹತ್ತು ಮಾತು ಆಡಿರಲಿಲ್ಲ. ಟೀ ಬೇಕಾದರೂ ಅಂಗಳದ ಮೂಲೆಯಲ್ಲಿ ಒಲೆ ಹೂಡಿದ್ದ ಸಾಕಮ್ಮನ ಕಡೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದ. ಒಂದು ಬೆರಳೆಂದರೆ ಒಂದು ಟೀ. ಎರಡು ಬೆರಳು ಎತ್ತುವ ಸಂದರ್ಭ ಅವನಿಗೆ ಬಂದಿರಲೇ ಇಲ್ಲ.

ಅವನು ಮೂಗನೂ ಅಲ್ಲ, ಸಿಡುಕನೂ ಅಲ್ಲ. ಅವನ ಕೆಲಸ ಅವನನ್ನು ಹಾಗೆ ಮಾಡಿತ್ತು. ಮೂವತ್ತೊಂದು ವರ್ಷ ಅವನು ಊರಿನ ಟಾಕೀಸಿನಲ್ಲಿ ಸಿನಿಮಾ ಬಿಡುವ ಆಪರೇಟರ್ ಆಗಿದ್ದ. ಜನ ಒಟ್ಟಿಗೆ ಕೂತು ನಗುವಾಗ, ಅಳುವಾಗ, ಶಿಳ್ಳೆ ಹೊಡೆಯುವಾಗ ಅವನು ಹಿಂದಿನ ಗೋಡೆಯಾಚೆ ಬಿಸಿ ಕೋಣೆಯಲ್ಲಿ ಒಬ್ಬನೇ ನಿಂತು ಅಂಗೈ ಅಗಲದ ಕಿಂಡಿಯಿಂದ ನೋಡುತ್ತಿದ್ದ. ಊರಿಗೆ ಬಿಡುವಿದ್ದಾಗ ಅವನಿಗೆ ಕೆಲಸ. ಅವನಿಗೆ ಬಿಡುವಿದ್ದಾಗ ಊರು ಹೊಲದಲ್ಲೋ ಅಂಗಡಿಯಲ್ಲೋ ಇರುತ್ತಿತ್ತು. ಹೀಗಾಗಿ ಗೆಳೆತನ, ಮದುವೆ ಎರಡೂ ಇವತ್ತು ನಾಳೆ ಅನ್ನುತ್ತಲೇ ದಾಟಿ ಹೋದವು. ಜನ ಅವನ ಜತೆ ಮಾತಾಡುತ್ತಿದ್ದದ್ದು ರೀಲು ಕಿತ್ತುಹೋದಾಗ ಮಾತ್ರ. ಆ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಟಾಕೀಸು ಕೆಡವಿದ ಮೇಲೆ ಅವನ ಸಂಜೆಗಳು ಖಾಲಿಯಾದವು. ಅಂಗಳದಲ್ಲಿ ದೀಪವಿತ್ತು, ಸದ್ದಿತ್ತು, ಜನರಿದ್ದರು. ಅದಕ್ಕೇ ಬಂದ. ಆಟದ ಮೇಲಿನ ಪ್ರೀತಿಯಿಂದ ಬಂದ ಎಂದರೆ ಸುಳ್ಳಾಗುತ್ತದೆ. ಪ್ರೀತಿ ಆಮೇಲೆ ಹುಟ್ಟಿತು.

ಅವನ ಕಣ್ಣು ಬೇರೆಯವರ ಕಣ್ಣಿನಂತಿರಲಿಲ್ಲ. ಆಗಿನ ಸಿನಿಮಾ ಹತ್ತಾರು ರೀಲುಗಳಲ್ಲಿ ಬರುತ್ತಿತ್ತು. ಒಂದು ರೀಲು ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಕಾಣಿಸಿ ಮಾಯವಾಗುತ್ತಿತ್ತು. ಅದು ಕಂಡ ತಕ್ಷಣ ಎರಡನೆಯ ಯಂತ್ರ ಓಡಿಸಬೇಕು. ಇಲ್ಲದಿದ್ದರೆ ಪರದೆ ಬೆಳ್ಳಗಾಗಿ, ಊರೆಲ್ಲ ಅವನ ತಾಯಿ ತಂದೆಯನ್ನು ನೆನೆಯುತ್ತಿತ್ತು. ಹಾಗಾಗಿ ಎಲ್ಲರೂ ನಾಯಕಿಯ ಮುಖ ನೋಡುವಾಗ ಜವರಪ್ಪ ಮೂಲೆ ನೋಡುತ್ತಿದ್ದ. ಅಂಗಳಕ್ಕೆ ಬಂದ ಮೇಲೂ ಅದೇ ಅಭ್ಯಾಸ. ಎಲ್ಲರೂ ಚೆಂಡನ್ನು ನೋಡಿದರೆ ಅವನು ಚೆಂಡಿಲ್ಲದವರನ್ನು ನೋಡುತ್ತಿದ್ದ.

ನೋಡುತ್ತ ನೋಡುತ್ತ ಅವನಿಗೆ ಊರಿನ ತಂಡದ ರೋಗ ಗೊತ್ತಾಯಿತು. ತಂಡಕ್ಕೆ ಗೆಳೆಯರ ಬಳಗ ಎಂದು ಹೆಸರು. ಹುಡುಗರು ಚೆಂಡು ಹಾಕುವುದರಲ್ಲಿ ಗಟ್ಟಿಗರು. ಎದುರಾಳಿಯನ್ನು ತಡೆಯುವುದರಲ್ಲಿ ಸೊನ್ನೆ. ಅರವತ್ತು ಅಂಕ ಗಳಿಸಿ ಎಂಬತ್ತು ಬಿಟ್ಟುಕೊಡುವರು. ಐದೂ ಜನರ ಕಣ್ಣು ಚೆಂಡಿನ ಹಿಂದೆಯೇ ಓಡುವುದು. ಬೆನ್ನ ಹಿಂದೆ ಯಾರು ನುಸುಳಿದರು ಎಂಬುದು ಚೆಂಡು ರಿಂಗಿನೊಳಗೆ ಬಿದ್ದ ಮೇಲೇ ತಿಳಿಯುವುದು. ಆಮೇಲೆ ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಆಟ ನಡೆಯುವಾಗ ಒಬ್ಬರೂ ಇನ್ನೊಬ್ಬರಿಗೆ ಒಂದು ಮಾತು ಹೇಳುತ್ತಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹಿರಿಯರು ಹೇಳಿದ್ದಾರೆ. ಅವರು ಬಾಸ್ಕೆಟ್‌ಬಾಲ್ ಆಡಿರಲಿಲ್ಲ ಎಂದು ಕಾಣುತ್ತದೆ.

ಇನ್ನೂ ದೊಡ್ಡ ಸಂಕಟ ಎಂದರೆ ಚಿಕ್ಕಮಾದ. ಹೆಸರಿನಲ್ಲಿ ಚಿಕ್ಕ ಇದ್ದರೂ ಆಳು ಆರೂವರೆ ಅಡಿ ದಾಟಿದ್ದ. ಮಳವಳ್ಳಿ ಕಡೆಯ ಹಳ್ಳಿಯವನು, ಇಪ್ಪತ್ತಮೂರು ವರ್ಷ. ಸಂತೆಯಲ್ಲಿ ಎಲ್ಲರ ತಲೆಗಿಂತ ಮೇಲೆ ಒಂದು ತಲೆ ಹೋಗುವುದನ್ನು ಕಂಡು, ತಂಡ ನಡೆಸುವ ಸಂಘದವರು ಎರಡು ವರ್ಷದ ಹಿಂದೆ ಅವನನ್ನು ಕರೆತಂದಿದ್ದರು. ಸಂಘದ ಕೋಣೆಯ ಪಕ್ಕ ಮಲಗಲು ಜಾಗ, ಅಕ್ಕಿ ಗಿರಣಿಯಲ್ಲಿ ಹಗಲು ಕೆಲಸ. ಆಟ ಕಲಿಸಿದ್ದು ಮಾತ್ರ ಇಷ್ಟೇ: "ರಿಂಗ್ ಕೆಳಗೆ ನಿಂತ್ಕೊ, ಕೈ ಎತ್ತು." ಎತ್ತರ ಇದ್ದವನಿಗೆ ಇನ್ನೇನು ಕಲಿಸುವುದು? ತೆಂಗಿನ ಮರಕ್ಕೆ ನಿಲ್ಲುವುದನ್ನು ಯಾರಾದರೂ ಕಲಿಸುತ್ತಾರೆಯೇ ಎಂಬುದು ಎಲ್ಲರ ಎಣಿಕೆ.

ಪಾಪ, ಅವನು ಚೆಂಡು ಸಿಕ್ಕ ಕೂಡಲೇ ಸೊಂಟದ ಮಟ್ಟಕ್ಕೆ ಇಳಿಸುವನು. ಕುಳ್ಳ ಹುಡುಗರು ಬಂದು ಕಿತ್ತುಕೊಂಡು ಹೋಗುವರು. ಎದುರಾಳಿ ಎಸೆದ ಚೆಂಡು ರಿಂಗಿಗೆ ಬಡಿದು ಹಾರಿದರೆ ಬಾಯಿ ತೆರೆದು ಆಕಾಶ ನೋಡುವನು. ಅಷ್ಟರಲ್ಲಿ ಅವನಿಗಿಂತ ಗೇಣು ಕುಳ್ಳಗಿದ್ದವನು ಮುಂದೆ ನುಗ್ಗಿ ಹಿಡಿಯುವನು. ಜನ "ಲೈಟು ಕಂಬ" ಎಂದು ಕೂಗಿ ನಗುವರು. ನಗು ಕೇಳಿದಷ್ಟೂ ಚಿಕ್ಕಮಾದ ಭುಜ ಕುಗ್ಗಿಸಿ, ಕತ್ತು ಬಗ್ಗಿಸಿ, ಇದ್ದ ಎತ್ತರವನ್ನೂ ಬಚ್ಚಿಟ್ಟುಕೊಳ್ಳಲು ನೋಡುವನು.

ಜವರಪ್ಪನಿಗೆ ಇದೆಲ್ಲಕ್ಕೂ ಮದ್ದು ತೋಚುತ್ತಿತ್ತು. ಮನೆಗೆ ಹೋಗಿ, ಟಾಕೀಸಿನಿಂದ ತಂದಿಟ್ಟುಕೊಂಡಿದ್ದ ಹಳೆಯ ಕರಪತ್ರಗಳ ಹಿಂಬದಿಯಲ್ಲಿ ಬರೆಯುತ್ತಿದ್ದ. ಗುಲಾಬಿ ಬಣ್ಣದ ತೆಳು ಕಾಗದ, ದುಂಡಗಿನ ಅಕ್ಷರ.

"ಚೆಂಡನ್ನು ಒಬ್ಬ ನೋಡಲಿ, ಉಳಿದ ನಾಲ್ವರು ಆಳನ್ನು ನೋಡಲಿ. ಎತ್ತರದ ಹುಡುಗ ಚೆಂಡನ್ನು ಗಲ್ಲದ ಕೆಳಗೇ ಹಿಡಿದಿರಲಿ, ಸೊಂಟಕ್ಕೆ ಇಳಿಸದಿರಲಿ. ಚೆಂಡು ಹಾರಿದಾಗ ಮೊದಲು ಹಿಂದಿರುವವನನ್ನು ಬೆನ್ನಿನಿಂದ ತಡೆಯಲಿ, ಆಮೇಲೆ ಮೇಲೆ ನೋಡಲಿ. ಮಂಡಿ ಬಗ್ಗಿಸಲಿ, ಕತ್ತು ಬಗ್ಗಿಸದಿರಲಿ. ಎಲ್ಲಕ್ಕಿಂತ ಮೊದಲು ಅವನು ಬಾಯಿ ಬಿಡಲಿ. ಹಿಂದೆ ನಿಂತವನಿಗೆ ಇಡೀ ಅಂಗಳ ಕಾಣುತ್ತದೆ. ಅವನು ಹೇಳದಿದ್ದರೆ ಮುಂದಿರುವ ನಾಲ್ವರೂ ಕುರುಡರು."

ಬರೆದು ಮಡಿಸಿ, ಮಾರನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ, ಸಂಘದ ಕೋಣೆಯ ಬಾಗಿಲ ಸಂದಿಯಲ್ಲಿ ತೂರಿಸಿ ಬರುತ್ತಿದ್ದ. ಕೆಳಗೆ ಹೆಸರು ಹಾಕುತ್ತಿರಲಿಲ್ಲ. ಜೀವಮಾನದಲ್ಲಿ ಚೆಂಡು ಮುಟ್ಟದವನು ಆಟ ಹೇಳಿಕೊಡಲು ಬಂದ ಎಂದು ನಕ್ಕರೆ? ಬೈಸಿಕೊಂಡು ಅವನಿಗೆ ಅಭ್ಯಾಸವಿತ್ತು. ಎದುರಿಗೆ ನಿಂತು ನಗುವವರನ್ನು ಕಂಡು ಅಭ್ಯಾಸವಿರಲಿಲ್ಲ.

ಈಗ ಕೇಳಿ, ಆ ಊರಿನ ಕಥೆ. ಅಲ್ಲಿ ಹೆಸರಿಲ್ಲದ ಕಾಗದ ಎಂದರೆ ಮೂಗರ್ಜಿ ಎಂದೇ ಲೆಕ್ಕ. ಸಂಘದ ಚುನಾವಣೆ ಬಂದಾಗಲೆಲ್ಲ ಯಾರೋ ಯಾರ ಮೇಲೋ ಹೆಸರು ಹಾಕದೆ ಚಾಡಿ ಬರೆಯುವರು. ಅದನ್ನು ಓದಿ, ಅಣ್ಣ ತಮ್ಮಂದಿರಂತಿದ್ದವರು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡದ್ದುಂಟು. ಅದಕ್ಕೇ ತಂಡದ ಕೋಚ್ ಇನಾಯತ್ ಮೇಷ್ಟ್ರು ಒಂದು ನೇಮ ಇಟ್ಟುಕೊಂಡಿದ್ದರು. ಯಾವ ಕಾಗದ ಬಂದರೂ ಮೊದಲು ಕೊನೆಯ ಸಾಲು ನೋಡುವುದು. ಅಲ್ಲಿ ಹೆಸರಿಲ್ಲದಿದ್ದರೆ ಒಂದಕ್ಷರವನ್ನೂ ಓದದೆ ಸಾಕಮ್ಮನ ಒಲೆಗೆ ಕೊಡುವುದು. ಒಳ್ಳೆಯ ನೇಮವೇ. ಆದರೆ ಜವರಪ್ಪನ ಪಾಲಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇದೊಂದೂ ಅವನಿಗೆ ಗೊತ್ತಿಲ್ಲ. ಕಾಗದ ಹಾಕಿದ ಮಾರನೆಯ ದಿನ ಕಣ್ಣು ಅಗಲಿಸಿ ಕೂರುವನು. ಒಂದು ಸಲ ಒಬ್ಬ ಹುಡುಗ ಏನೋ ನೆನಪಾಗಿ ಹಿಂದೆ ತಿರುಗಿ ನೋಡಿದ. ಅದೇ ಗಳಿಗೆಗೆ ಹಿಂದಿನಿಂದ ಎದುರಾಳಿ ನುಗ್ಗಿದ. ಹುಡುಗ ತಡೆದ. ಜವರಪ್ಪನಿಗೆ ರೋಮಾಂಚನವಾಯಿತು. ಓದಿದ್ದಾರೆ, ತನ್ನ ಕಾಗದ ಓದಿದ್ದಾರೆ ಎಂದುಕೊಂಡ. ಅವತ್ತು ಮನೆಗೆ ಹೋಗಿ ಶಾವಿಗೆ ಪಾಯಸ ಮಾಡಿದ. ಒಬ್ಬರಿಗೇ ಪಾಯಸ ಮಾಡುವುದು ಎಷ್ಟು ಕಷ್ಟ ಎಂದು ಮಾಡಿದವರಿಗೇ ಗೊತ್ತು. ಎಷ್ಟು ಕಮ್ಮಿ ಮಾಡಿದರೂ ಮಿಗುತ್ತದೆ.

ಹೀಗಿರುವಾಗ ಆ ವರ್ಷದ ಜಿಲ್ಲಾ ಪಂದ್ಯಾವಳಿ ಶುರುವಾಯಿತು. ಮೊದಲ ಪಂದ್ಯವನ್ನು ಬಳಗ ಇಪ್ಪತ್ತೆರಡು ಅಂಕದಿಂದ ಸೋತಿತು. ಚಿಕ್ಕಮಾದನ ಕೈಯಿಂದ ಒಂಬತ್ತು ಸಲ ಚೆಂಡು ಕಿತ್ತುಕೊಂಡರು. ಆಟ ಮುಗಿದ ಮೇಲೆ ಸಂಘದ ಹಿರಿಯರೊಬ್ಬರು ಎಲ್ಲರ ಎದುರಿಗೇ ಹೇಳಿಬಿಟ್ಟರು: "ಇನ್ನೊಂದು ಮ್ಯಾಚು ನೋಡಾಣ. ಹಿಂಗೇ ಆದ್ರೆ ಇವನ್ನ ಊರಿಗೆ ಕಳ್ಸಿ, ಮೈಸೂರಿಂದ ಬ್ಯಾರೆ ಆಳು ತರಾಣ." ಊರಿಗೆ ಕಳಿಸಿದರೆ ಗಿರಣಿಯ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಎತ್ತರವಿದ್ದೂ ಕೆಲಸಕ್ಕೆ ಬಾರದವನು ಎಂಬ ಹೆಸರು ಅವನಿಗಿಂತ ಮುಂಚೆ ಊರು ಸೇರುತ್ತಿತ್ತು.

ಎಲ್ಲರೂ ಹೋದರು. ಚಿಕ್ಕಮಾದ ರಿಂಗಿನ ಕೆಳಗೆ ಉದ್ದ ಕಾಲು ಮಡಿಸಿಕೊಂಡು ಕೂತ. ಐದನೆಯ ಮೆಟ್ಟಿಲಿನಲ್ಲಿ ಜವರಪ್ಪ ಕೂತಿದ್ದ. ಇಬ್ಬರ ನಡುವೆ ಅರ್ಧ ಅಂಗಳ. ಇಳಿದು ಹೋಗಿ ಒಂದು ಮಾತಾಡಬಹುದಿತ್ತು. ಜವರಪ್ಪ ಎದ್ದ. ಎರಡು ಮೆಟ್ಟಿಲು ಇಳಿದ. ಆಮೇಲೆ ಮನೆಯ ದಾರಿ ಹಿಡಿದು, ಹೋಗಿ ಮತ್ತೊಂದು ಕಾಗದ ಬರೆದ.

ಅದನ್ನು ಬಾಗಿಲಲ್ಲಿ ತೂರಿಸಿದ ಮಾರನೆಯ ಸಂಜೆ ಸಾಕಮ್ಮನಿಗೆ ಗಿರಾಕಿ ಹೆಚ್ಚು. ಅವನು ಎತ್ತಿದ ಬೆರಳು ಅವಳಿಗೆ ಕಾಣಲಿಲ್ಲ. ಹಾಗಾಗಿ ತಾನೇ ಒಲೆಯ ಹತ್ತಿರ ಹೋದ. ಒಲೆಯ ಬಾಯಲ್ಲಿ ಗುಲಾಬಿ ಕಾಗದವೊಂದು ಅರ್ಧ ಸುಟ್ಟು ಸುರುಳಿಯಾಗುತ್ತಿತ್ತು. ಉಳಿದ ಅರ್ಧದಲ್ಲಿ ಅವನದೇ ದುಂಡಗಿನ ಅಕ್ಷರ.

"ಇದೇನಮ್ಮ ಇದು?" ಎಂದ.

ಸಾಕಮ್ಮ ಟೀ ಸೋಸುತ್ತಲೇ ಹೇಳಿದಳು: "ಅದಾ? ಹೆಸ್ರಿಲ್ದ ಕಾಗ್ದ ಕಣ್ರಣ್ಣ, ಮೂಗರ್ಜಿ. ಯಾವನೋ ಬಡ್ಡೀಮಗ ಬರೀತಾನೆ ಇರ್ತಾನೆ. ಮೇಷ್ಟ್ರು ಓದದೇ ಇಲ್ಲ. ಒಲೆಗಾಕವ್ವ ಅಂತಾರೆ."

"ಎಲ್ಲಾನೂವಾ?"

"ಎಲ್ಲಾನೂವೆ. ಒಸಿ ಬೇಗ ಹತ್ಕೋತದೆ, ತೆಳು ಅಲ್ವಾ."

ಜವರಪ್ಪ ಟೀ ಕುಡಿಯದೆ ಮನೆಗೆ ಹೋದ. ಹನ್ನೊಂದು ವರ್ಷ, ನಲವತ್ತು ಕಾಗದ. ಒಂದನ್ನೂ ಒಬ್ಬರೂ ಓದಿರಲಿಲ್ಲ. ಯಾರೋ ತನ್ನ ಮಾತು ಕೇಳುತ್ತಿದ್ದಾರೆ ಎಂಬ ನಂಬಿಕೆಯೊಂದೇ ಅವನಿಗಿದ್ದ ಜತೆಯಾಗಿತ್ತು. ಅದೂ ಒಲೆಗೆ ಬಿತ್ತು. ಅವನಿಗೆ ಆದ ದುಃಖವನ್ನು ಸುತ್ತಿ ಬಳಸಿ ಹೇಳುವುದು ಬೇಡ. ಗೋಡೆಗೆ ಮುಖ ಮಾಡಿ ಮಲಗಿ ಅತ್ತ.

ನಾಲ್ಕು ದಿನ ಅಂಗಳದ ಕಡೆ ತಲೆ ಹಾಕಲಿಲ್ಲ. ಮನೆ ಬಾಗಿಲು ತೆರೆದೇ ಇಟ್ಟಿದ್ದ. ಯಾರಾದರೂ ಬಂದು, ಯಾಕೆ ಕಾಣಲಿಲ್ಲ ಎಂದು ಕೇಳುತ್ತಾರೇನೋ ಎಂಬ ಆಸೆ. ಬಾಗಿಲಲ್ಲಿ ಒಂದು ಬೆಕ್ಕು ಬಂದು ಇಣುಕಿತು, ಅಷ್ಟೇ. ತಪ್ಪು ಯಾರದು? ಹನ್ನೊಂದು ವರ್ಷ ಹೆಸರು ಹೇಳದವನನ್ನು ಯಾರು, ಏನೆಂದು ಕರೆದು ಹುಡುಕಬೇಕು?

ಐದನೆಯ ದಿನ ಗುರುವಾರ. ಮಧ್ಯಾಹ್ನ ಅಂಗಳ ಖಾಲಿ ಇರುತ್ತದೆಂದು ಅವನು ಅತ್ತ ನಡೆದ. ಒಮ್ಮೆ ನೋಡಿ ಬಂದುಬಿಡೋಣ, ಇನ್ನು ಮುಂದೆ ಬರುವುದು ಬೇಡ ಎಂದು ಮನಸ್ಸಿನಲ್ಲಿತ್ತು. ಅಂಗಳ ಖಾಲಿ ಇರಲಿಲ್ಲ. ಗಿರಣಿಗೆ ವಾರದ ರಜೆ. ಚಿಕ್ಕಮಾದ ಒಬ್ಬನೇ ಚೆಂಡು ಎಸೆಯುತ್ತಿದ್ದ. ರಿಂಗಿಗೆ ಬಡಿದ ಚೆಂಡು ಉರುಳುತ್ತ ಬಂದು ಜವರಪ್ಪನ ಕಾಲಿಗೆ ತಾಗಿತು. ಅವನು ಎರಡೂ ಕೈಯಲ್ಲಿ ಎತ್ತಿಕೊಂಡ. ನೋಡಿದ್ದಕ್ಕಿಂತ ಭಾರವಿತ್ತು.

ಚಿಕ್ಕಮಾದ ಹತ್ತಿರ ಬಂದು ನಿಂತ. ಈಗ ಏನಾದರೂ ಹೇಳಲೇಬೇಕು.

"ನಾನು... ಮೇಲಿನ ಮೆಟ್ಲಲ್ಲಿ ಕೂರ್ತೀನಿ," ಎಂದ ಜವರಪ್ಪ.

"ಗೊತ್ತು ಯಜಮಾನ್ರೆ. ನಾಕ್ ದಿನ ಆಯ್ತು, ನೀವು ಬರ್ನಿಲ್ಲ."

"ನಿಂಗೆ ಕಂಡಿತ್ತಾ?"

"ಕಾಣ್ದೆ ಏನು? ರಿಂಗ್ ಕೆಳ್ಗೆ ನಿಂತ್ರೆ ಎಲ್ಲಾ ಕಾಣ್ತದೆ. ನೀವು ಕೂರೋ ಜಾಗ ಖಾಲಿ ಇತ್ತು."

"ಮತ್ತೆ ಯಾರ್ನಾದ್ರೂ ಕೇಳ್ಬಾರದಾ, ಈ ಮುದ್ಕ ಎಲ್ಲೋದ ಅಂತ?"

ಚಿಕ್ಕಮಾದ ನೆಲ ನೋಡಿದ. "ಕೇಳಾನ ಅಂದ್ಕಂಡೆ. ನಾನು ಬಾಯ್ ಬುಟ್ರೆ ಎಲ್ರೂ ನಗ್ತಾರೆ. ಸುಮ್ಕಾದೆ."

ಜವರಪ್ಪನಿಗೆ ಸಿಟ್ಟು ಬಂತು. "ಕಂಡಿದ್ದನ್ನ ಹೇಳ್ದೆ ಸುಮ್ನಿದ್ರೆ ಕಂಡು ಏನ್ ಬಂತು? ನೀನೊಂದು ಮಾತು ಕೇಳಿದ್ರೆ ಸಾಕಾಗಿತ್ತು, ಇಲ್ಲಿ ಒಂದು ಜೀವ..." ಎಂದವನು ಅಲ್ಲಿಗೇ ನಿಲ್ಲಿಸಿದ. ಬೈಯುತ್ತಿದ್ದದ್ದು ಹುಡುಗನನ್ನಲ್ಲ, ತನ್ನನ್ನೇ ಎಂದು ಅವನಿಗೆ ಹೊಳೆಯಿತು. ಎರಡು ವರ್ಷದಿಂದ ಈ ಹುಡುಗ ಕತ್ತು ಬಗ್ಗಿಸುವುದನ್ನು ಅವನು ಕಂಡಿದ್ದ. ಒಂದು ದಿನವೂ ಇಳಿದು ಬಂದು ಹೇಳಿರಲಿಲ್ಲ.

"ನೋಡು ಮಗ," ಎಂದ, ಈ ಸಲ ಮೆತ್ತಗೆ. "ನನಗೆ ಆಡೋಕೆ ಬರಲ್ಲ. ನೋಡಕ್ಕೆ ಬರ್ತದೆ. ಹೇಳ್ಲಾ?"

"ಹೇಳಿ ಮತ್ತೆ," ಎಂದ ಚಿಕ್ಕಮಾದ. ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ.

ಮುಂದಿನ ಪಂದ್ಯಕ್ಕೆ ಹದಿನೆಂಟು ದಿನವಿತ್ತು. ದಿನಾ ಗಿರಣಿಯ ಊಟದ ಬಿಡುವಿನಲ್ಲಿ ಇಬ್ಬರೂ ಅಂಗಳಕ್ಕೆ ಬಂದರು. ಬೆನ್ನಿನಿಂದ ತಡೆಯುವುದನ್ನು ಜವರಪ್ಪ ತನಗೆ ಗೊತ್ತಿದ್ದ ರೀತಿಯಲ್ಲೇ ಹೇಳಿಕೊಟ್ಟ. "ಹೊಸ ಸಿನಿಮಾ ಬಂದಾಗ ಟಿಕೆಟ್ ಕ್ಯೂನಲ್ಲಿ ನಿಂತಿದ್ಯಾ? ಮುಂದಿನ ಜಾಗ ಹೆಂಗೆ ಉಳಿಸ್ಕೊತಿದ್ದೆ? ಕಾಲು ಅಗಲ ಮಾಡಿ, ಕುಂಡಿ ಹಿಂದಕ್ಕೆ ಕೊಟ್ಟು, ಹಿಂದಿರೋನು ಎತ್ಲಾಗೆ ನುಗ್ತಾನೆ ಅಂತ ಬೆನ್ನಲ್ಲೇ ತಿಳ್ಕೊತಿದ್ದೆ ತಾನೆ? ಇಲ್ಲೂ ಅಷ್ಟೇಯ. ಚೆಂಡೇ ಟಿಕೆಟ್ಟು. ಮೊದ್ಲು ಜಾಗ, ಆಮೇಲೆ ಟಿಕೆಟ್ಟು." ಎಂಟು ದಿನ ಆ ಮುದುಕ ಹಿಂದಿನಿಂದ ನುಗ್ಗಿದ, ಆ ಹುಡುಗ ಬೆನ್ನಿನಿಂದ ತಡೆದ. ಜವರಪ್ಪನ ತಲೆ ಅವನ ಎದೆಗೂ ಬರುತ್ತಿರಲಿಲ್ಲ. ಆದರೂ ಹುಡುಗ ಮಂಡಿ ಬಗ್ಗಿಸದೆ ನೆಟ್ಟಗೆ ನಿಂತ ದಿನ ಆ ಮುದುಕನೇ ಅವನನ್ನು ತಳ್ಳಿ ಬೀಳಿಸಿದ. ಆವತ್ತಿನಿಂದ ಹುಡುಗ ಮಂಡಿ ಬಗ್ಗಿಸುವುದನ್ನು ಮರೆಯಲಿಲ್ಲ.

ಚೆಂಡು ಹಿಡಿದರೆ ಗಲ್ಲದ ಕೆಳಗೆ, ಮೊಣಕೈ ಹೊರಗೆ. ಅದೂ ಬಂತು. ಒಂದು ಕಾಲು ಊರಿ ಇನ್ನೊಂದು ಕಾಲಲ್ಲಿ ತಿರುಗುವುದು, ಅದೂ ಬಂತು. ಬಾರದೇ ಹೋದದ್ದು ಕೂಗು. "ಎಡಕ್ಕೆ ಬಂದ, ಬಲಕ್ಕೆ ಬಂದ ಅಂತ ಕೂಗು, ಮಾದ," ಎಂದರೆ ಅವನು ಪಿಸುಗುಟ್ಟುವನು.

"ದೊಡ್ಡಯ್ಯ, ನೀವೇ ಒಸಿ ಕೂಗಿ ತೋರ್ಸಿ," ಎಂದ ಒಂದು ದಿನ. ಯಜಮಾನ್ರೆ ಹೋಗಿ ದೊಡ್ಡಯ್ಯ ಬಂದಿತ್ತು. ಜವರಪ್ಪ ಬಾಯಿ ತೆರೆದ. ಅವನಿಂದಲೂ ಪಿಸುಮಾತೇ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ಒಬ್ಬ ಅಂಗಳದ ಈ ತುದಿಗೆ, ಒಬ್ಬ ಆ ತುದಿಗೆ ನಿಂತು, ದಿನಕ್ಕಿಷ್ಟು ದನಿ ಏರಿಸಿ ಕೂಗಲು ಶುರುಮಾಡಿದರು. ಸಾಕಮ್ಮ ಜಗಳ ಹತ್ತಿತೆಂದು ಸೌದೆ ಹಿಡಿದು ಓಡಿ ಬಂದಳು.

ಮಧ್ಯಾಹ್ನ ಖಾಲಿ ಅಂಗಳದಲ್ಲಿ ಕೂಗುವುದು ಬೇರೆ, ಸಂಜೆ ಎಲ್ಲರ ನಡುವೆ ಕೂಗುವುದು ಬೇರೆ. ಪಂದ್ಯಕ್ಕೆ ಮೂರು ದಿನವಿದ್ದಾಗ, ತಂಡದ ಅಭ್ಯಾಸದಲ್ಲಿ ಚಿಕ್ಕಮಾದ ಮೊದಲ ಸಲ ಬಾಯಿ ಬಿಟ್ಟ. "ಬಲಗಡೆ ಬಂದ!" ಎಂದ. ದನಿ ಒಡೆದು ಹೋಯಿತು. ತಂಡದ ಹುಡುಗರು ಗೊಳ್ಳೆಂದರು. "ಓಹೋ, ಕಂಬಕ್ಕೂ ಬಾಯಿ ಬಂತು ಕಣ್ರಲಾ," ಎಂದು ಮೆಟ್ಟಿಲ ಮೇಲಿನ ಜನವೂ ಸೇರಿಕೊಂಡರು. ಚಿಕ್ಕಮಾದನ ಕತ್ತು ಬಗ್ಗಿತು. ಅವನು ಬಾಯಿ ಮುಚ್ಚಿದ. ಮುಂದಿನ ಎರಡು ಸಲ ಎದುರಾಳಿ ನುಸುಳಿದ್ದು ಕಂಡರೂ ಹೇಳಲಿಲ್ಲ. ಕಣ್ಣೆತ್ತಿ ಐದನೆಯ ಮೆಟ್ಟಿಲು ನೋಡಿದ.

ಜವರಪ್ಪನಿಗೆ ಆ ನೋಟ ಅರ್ಥವಾಯಿತು. ಈಗ ತಾನು ಸುಮ್ಮನಿದ್ದರೆ ಈ ಹುಡುಗ ಇನ್ನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ. ಊರಿಗೆ ಹೋಗಿ ಕತ್ತು ಬಗ್ಗಿಸಿಕೊಂಡೇ ಮುದುಕನಾಗುತ್ತಾನೆ. ಆ ಬಾಳು ಹೇಗಿರುತ್ತದೆಂದು ಜವರಪ್ಪನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನು ಎದ್ದು ನಿಂತ. ಅರವತ್ತು ದಾಟಿದ ಗಂಟಲಿನಿಂದ, ಅಷ್ಟೂ ಜನರ ನಗುವನ್ನು ಮೀರಿ ಕೂಗಿದ:

"ಕೂಗು ಮಾದ! ನಗೋರು ನಗಲಿ, ನೀನು ಕೂಗು!"

ಅಂಗಳವೆಲ್ಲ ತಿರುಗಿ ನೋಡಿತು. ಆಮೇಲೆ ನಕ್ಕಿತು. ಚೆನ್ನಾಗಿಯೇ ನಕ್ಕಿತು. ಯಾರೋ ಅವನಂತೆಯೇ ದನಿ ಮಾಡಿ ಅಣಕಿಸಿದರು. ಜವರಪ್ಪನ ಕಿವಿ ಬಿಸಿಯಾಯಿತು. ಆದರೆ ಅವನು ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ನಗು ತಾನಾಗಿ ಮುಗಿಯಿತು. ನಗುವವರಿಗೂ ಬೇರೆ ಕೆಲಸವಿರುತ್ತದಲ್ಲ. ರಿಂಗಿನ ಕೆಳಗಿನಿಂದ ಒಡೆದ ದನಿಯೊಂದು ಮತ್ತೆ ಬಂತು: "ಎಡಗಡೆ! ಎಡಗಡೆ ಬಂದ!" ಎಡಗಡೆಯ ಹುಡುಗ ಅರಿವಿಲ್ಲದೆಯೇ ಪಕ್ಕಕ್ಕೆ ಹೆಜ್ಜೆ ಇಟ್ಟ. ನುಗ್ಗುತ್ತಿದ್ದವನು ಅವನ ಎದೆಗೆ ಬಡಿದು ನಿಂತ. ಈ ಸಲ ಯಾರೂ ನಗಲಿಲ್ಲ. ಇನಾಯತ್ ಮೇಷ್ಟ್ರು ಬಾಯಿಗಿಟ್ಟ ಸೀಟಿ ಊದುವುದನ್ನು ಮರೆತು ನಿಂತಿದ್ದರು.

ಪಂದ್ಯದ ದಿನ ಬಂತು. ಎದುರಿಗೆ ಬಲವಾದ ತಂಡ. ಅವರ ಎತ್ತರದ ಆಟಗಾರ ಚಿಕ್ಕಮಾದನಿಗಿಂತ ಎರಡು ಬೆರಳು ಹೆಚ್ಚೇ ಇದ್ದ. ಆದರೆ ಆ ಸಂಜೆ ಬಳಗದ ಹುಡುಗರು ಬೆನ್ನ ಹಿಂದೆಯೂ ಕಣ್ಣಿದ್ದವರಂತೆ ಆಡಿದರು. ಆ ಕಣ್ಣು ಚಿಕ್ಕಮಾದನ ದನಿ. ಎಡ ಎಂದರೆ ಎಡ ಮುಚ್ಚುವರು. ಬಲ ಎಂದರೆ ಬಲ ಮುಚ್ಚುವರು. ಅವನ ಕೈಯಿಂದ ಒಂದು ಸಲವೂ ಚೆಂಡು ಕೀಳಲಾಗಲಿಲ್ಲ.

ಕೊನೆಯ ಹತ್ತು ಸೆಕೆಂಡು. ಬಳಗಕ್ಕೆ ಒಂದೇ ಅಂಕದ ಮುನ್ನಡೆ. ಚೆಂಡು ಎದುರಾಳಿಯ ಕೈಯಲ್ಲಿ. ಎಲ್ಲರ ಕಣ್ಣೂ ಚೆಂಡಿನ ಮೇಲೆ. ಬಲಮೂಲೆಯಿಂದ ಒಬ್ಬ ಸದ್ದಿಲ್ಲದೆ ನುಸುಳಿದ. ಮೇಲಿನಿಂದ ಜವರಪ್ಪ ಅದನ್ನು ಕಂಡ. ಬಾಯಿ ತೆರೆಯುವಷ್ಟರಲ್ಲಿ ಕೆಳಗಿನಿಂದ ಗುಡುಗಿತು: "ಬಲಮೂಲೆ!" ಇಬ್ಬರು ಹಾರಿ ದಾರಿ ಕಟ್ಟಿದರು. ಅಷ್ಟರಲ್ಲಿ ಚೆಂಡು ನುಸುಳಿದವನ ಕೈಗೆ ಬಂದಿತ್ತು. ಅವನು ಅವಸರದಲ್ಲಿ ಎಸೆದದ್ದು ರಿಂಗಿಗೆ ಬಡಿದು ಮೇಲೆ ಹಾರಿತು. ಚಿಕ್ಕಮಾದ ಆಕಾಶ ನೋಡಲಿಲ್ಲ. ಮೊದಲು ಹಿಂದಿದ್ದ ಎತ್ತರದವನನ್ನು ಬೆನ್ನಿಗೆ ಹಾಕಿಕೊಂಡ. ಆಮೇಲೆ ನೆಗೆದ. ಚೆಂಡು ಗಲ್ಲದ ಕೆಳಗೆ ಬಂತು. ಆಟ ಮುಗಿದ ಸೀಟಿ ಮೊಳಗಿತು.

ಜನ ಅಂಗಳಕ್ಕೆ ನುಗ್ಗಿ, ಹೆಚ್ಚು ಅಂಕ ಹಾಕಿದ ಹುಡುಗನನ್ನು ಹೆಗಲ ಮೇಲೆ ಹೊತ್ತರು. ತಡೆದವನನ್ನು ಹೊರುವ ಪದ್ಧತಿ ಎಲ್ಲೂ ಇಲ್ಲ. ಆಗಬೇಕಾದ ಅನಾಹುತ ಆಗಲಿಲ್ಲ ಎಂದು ಯಾರೂ ಪಟಾಕಿ ಹಚ್ಚುವುದಿಲ್ಲ. ಸಂಘದ ಹಿರಿಯರು ಮಾತ್ರ ಚಿಕ್ಕಮಾದನ ಬೆನ್ನು ತಟ್ಟಿ, "ನೀನು ಎಲ್ಗೂ ಹೋಗಂಗಿಲ್ಲ ಬುಡು," ಎಂದರು. ಅವನು ಕತ್ತೆತ್ತಿ ನಿಂತು ನಕ್ಕ. ಆಮೇಲೆ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿ ಮೇಲೆ ಕೈ ತೋರಿಸಿದ.

ಇನಾಯತ್ ಮೇಷ್ಟ್ರು ಐದು ಮೆಟ್ಟಿಲು ಹತ್ತಿ ಬಂದು ಜವರಪ್ಪನ ಪಕ್ಕ ಕೂತರು. ಆ ಜಾಗದಲ್ಲಿ ಇದುವರೆಗೆ ಯಾರೂ ಕೂತಿರಲಿಲ್ಲ.

"ಮಾದನಿಗೆ ಹೇಳಿಕೊಟ್ಟಿದ್ದು ನೀವಂತೆ."

"ಹೌದು."

"ಇಷ್ಟು ಗೊತ್ತಿದ್ದೋರು ನನಗೆ ಮೊದಲೇ ಯಾಕೆ ಹೇಳಲಿಲ್ಲ ಸ್ವಾಮಿ?"

"ಹೇಳಿದ್ದೆ," ಎಂದ ಜವರಪ್ಪ. "ನಲವತ್ತು ಸಲ. ಗುಲಾಬಿ ಕಾಗ್ದದಲ್ಲಿ."

ಮೇಷ್ಟ್ರು ತಿರುಗಿ ಸಾಕಮ್ಮನ ಒಲೆಯ ಕಡೆ ನೋಡಿದರು. "ತಪ್ಪಾಯಿತು," ಎಂದರು. "ಕೆಳಗೆ ಒಂದು ಹೆಸರು ಹಾಕಬಾರದಿತ್ತಾ?"

"ಹಾಕಿದ್ರೆ ನೀವು ನಗ್ತಿದ್ರಿ."

ಮೇಷ್ಟ್ರು ಸುಳ್ಳು ಹೇಳುವವರಲ್ಲ.

"ನಗ್ತಿದ್ದೆ," ಎಂದರು. "ನಕ್ಕು, ಆಮೇಲೆ ಓದ್ತಿದ್ದೆ."

ಜವರಪ್ಪನಿಗೆ ಅಳು ಬಂತು. ಗೆದ್ದ ಸಂತೋಷಕ್ಕಲ್ಲ. ಒಂದೇ ಒಂದು ನಗುವನ್ನು ದಾಟಿದ್ದರೆ ಆಚೆಗೆ ಹನ್ನೊಂದು ವರ್ಷದ ಜತೆ ಕಾದಿತ್ತು. ಅವನು ದಾಟಿರಲಿಲ್ಲ. ಆ ವರ್ಷಗಳನ್ನು ಈಗ ಯಾವ ಗೆಲುವೂ ವಾಪಸು ಕೊಡುವಂತಿರಲಿಲ್ಲ.

ಕೆಳಗೆ ತಮಟೆ ಶುರುವಾಗಿತ್ತು. ಮೇಷ್ಟ್ರು ಅವನ ಕಡೆ ಬಾಗಿ, "ನಿಮ್ಮ ಹೆಸರು ಹೇಳಲೇ ಇಲ್ಲವಲ್ಲ," ಎಂದರು.

ಅವನು ಹೇಳಿದ. ತಮಟೆಯ ಸದ್ದಿನಲ್ಲಿ ಮೇಷ್ಟ್ರಿಗೆ ಕೇಳಿಸಲಿಲ್ಲ. ಜವರಪ್ಪ ಕಣ್ಣು ಒರೆಸಿಕೊಂಡು, ಇನ್ನೊಂದು ಸಲ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ.

ನೀತಿ: ಹಿಂದೆ ನಿಂತವನಿಗೆ ಹೆಚ್ಚು ಕಾಣುತ್ತದೆ, ಹಾಗಾಗಿ ಹೇಳುವ ಹೊಣೆಯೂ ಅವನದೇ ಹೆಚ್ಚು. ಕಂಡದ್ದನ್ನು ನಿಮ್ಮ ಬಾಯಲ್ಲಿ, ನಿಮ್ಮ ಹೆಸರಿನಲ್ಲಿ ಹೇಳಿ. ಜನ ನಗಬಹುದು. ನಗು ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ನಗುವಿಗೆ ಹೆದರಿ ಸುಮ್ಮನಿದ್ದವನ ಒಂಟಿತನ ವರ್ಷಗಟ್ಟಲೆ ಮುಗಿಯುವುದಿಲ್ಲ.